ಫ್ರಿಜ್ಜಿನಲ್ಲಿಟ್ಟರೆ ಮಾವಿನ ಹುಳ ಸಾಯ್ತದಾ?

ಪ್ರಶ್ನೆ: ಮಾಸ್ತರರೇ, ನಮ್ಮ ಹಿತ್ತಲಲ್ಲಿ ಎರಡು ಕರಿ ಇಶಾಡ ಮಾವಿನ ಮರ ಇವೆ. ಪ್ರತಿ ಮೇ ತಿಂಗಳು ಬೆಂಗಳೂರಿನ ಮಗಳ ಮನೆಗೆ ಒಂದು ಪೆಟ್ಟಿಗೆ ಕಳಿಸುತ್ತೇನೆ. ಕಳೆದ ವರ್ಷ ಅಳಿಯ ಹೆಚ್ಚಿದ ಹಣ್ಣಲ್ಲೆಲ್ಲ ಬಿಳಿ ಹುಳ. ನಾಚಿಕೆಯಾಯ್ತು. ಎರಡು ದಿನ ಫ್ರಿಜ್ಜಿನಲ್ಲಿಟ್ಟು ಕಳಿಸು ಅಂತಾನೆ ಮಗ. ಹಂಡೆಯ ಬಿಸಿನೀರಲ್ಲಿ ಮುಳುಗಿಸು ಅಂತಾರೆ ಭಾವ. ಯಾವುದು ಸರಿ?
– ಅಂಕೋಲಾದ ಓದುಗರು

ಉತ್ತರ: ಅಕ್ಕಾ, ನಾಚಿಕೆ ಪಡಬೇಡಿ. ಕಾಯಿ ಬಲಿಯುವಾಗಲೇ ಹಣ್ಣು ನೊಣ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಟ್ಟು ಹೋಗಿರುತ್ತದೆ. ಹೊರಗೆ ಕಾಣುವುದು ಸಾಸಿವೆಗಿಂತ ಸಣ್ಣ ಚುಕ್ಕೆ. ಕೊಯ್ಯುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಒಂದೆರಡು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಪೆಟ್ಟಿಗೆ ಬೆಂಗಳೂರು ಮುಟ್ಟಿ ಕಾಯಿ ಹಣ್ಣಾಗುವಷ್ಟರಲ್ಲಿ ಹುಳವೂ ಬೆಳೆದಿರುತ್ತದೆ.

ಫ್ರಿಜ್ಜಿನ ಉಪಾಯ ನಾನೇ ಮಾಡಿ ನೋಡಿದ್ದೇನೆ. ಎರಡು ವರ್ಷದ ಹಿಂದೆ, ಶಿರಸಿಯ ನಮ್ಮ ಮನೆ ಮರದಡಿ ಬಿದ್ದಿದ್ದ ಒಂದು ಹಣ್ಣನ್ನು ಡಬ್ಬಿಗೆ ಹಾಕಿ ಎರಡು ರಾತ್ರಿ ಫ್ರಿಜ್ಜಿನಲ್ಲಿಟ್ಟೆ. ಬಿಡಿಸಿದರೆ ಹನ್ನೊಂದು ಹುಳ. ಅನ್ನದ ಅಗುಳಿನ ಹಾಗೆ ಬಿದ್ದಿದ್ದವು, ಅಲುಗಾಟವೇ ಇಲ್ಲ. "ಸತ್ತವು ಬಿಡಿ" ಅಂದಳು ಹೆಂಡತಿ. ಹಳೇ ಪೇಪರ್ ಮೇಲೆ ಸುರಿದು ಚಹಾ ಕುಡಿಯಲು ಹೋದೆ. ತಿರುಗಿ ಬಂದಾಗ ಒಂದು ಹುಳ ಮೂತಿ ಆಡಿಸುತ್ತಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಎರಡು ಹುಳ ಬಿಲ್ಲಿನ ಹಾಗೆ ಬಗ್ಗಿ, ಟಪ್ಪನೆ ಹಾರಿ ಪೇಪರಿನ ಆಚೆ ಬಿದ್ದವು.

ಚಳಿಗೆ ಅದರ ನರ, ಸ್ನಾಯು ಕೆಲಸ ನಿಲ್ಲಿಸುತ್ತವೆ, ಅಷ್ಟೇ. ಕಾವು ಸಿಕ್ಕಿದರೆ ಮತ್ತೆ ಏಳುತ್ತದೆ. ಚಳಿಯಿಂದಲೇ ಕೊಲ್ಲಬೇಕಾದರೆ ಇನ್ನೂ ಜಾಸ್ತಿ ಚಳಿ ಬೇಕು, ದಿನಗಟ್ಟಲೆ ಬೇಕು. ಕಿತ್ತಳೆಯಲ್ಲಿರುವ ಮೆಡಿಟರೇನಿಯನ್ ಹಣ್ಣು ನೊಣದ ಹುಳ ಕೊಲ್ಲಲು ಅಮೆರಿಕದವರು ಇಟ್ಟ ಲೆಕ್ಕ 1.1 ಡಿಗ್ರಿ, 14 ದಿನ. ಕಿತ್ತಳೆ ಅದನ್ನು ತಡೆದುಕೊಳ್ಳುತ್ತದೆ. ಮಾವಿಗೆ ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯೇ ಆಗಿಬರುವುದಿಲ್ಲ. ಸಿಪ್ಪೆ ಕಪ್ಪಾಗುತ್ತದೆ, ಕಾಯಿ ಸರಿಯಾಗಿ ಹಣ್ಣಾಗುವುದೇ ಇಲ್ಲ. ಹಾಗಾಗಿ ಮಗನ ಮಾತು ಬಿಡಿ.

ಭಾವನ ಮಾತಿನಲ್ಲಿ ಹುರುಳಿದೆ. ನಮ್ಮ ದೇಶದ ಮಾವಿನಲ್ಲಿ ಹಣ್ಣು ನೊಣ ಸಿಕ್ಕಿತು ಅಂತ 2014ರ ಮೇ ತಿಂಗಳಲ್ಲಿ ಯುರೋಪಿನವರು ಆಮದನ್ನೇ ನಿಲ್ಲಿಸಿದ್ದರು, ನೆನಪಿದೆ ಅಲ್ವಾ? 2015ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅಲ್ಲಿಗೆ ಹೋಗುವ ಮಾವಿಗೆ 48 ಡಿಗ್ರಿ ನೀರಲ್ಲಿ 60 ನಿಮಿಷದ ಸ್ನಾನ. ಜಪಾನಿಗಾದರೆ ಬಿಸಿ ಹಬೆ: ಹಣ್ಣಿನ ಒಳಗೆ 47.5 ಡಿಗ್ರಿ ಬಂದ ಮೇಲೆ 20 ನಿಮಿಷ.

ಆದರೆ ಹಂಡೆಯಲ್ಲಿ ಎರಡು ತೊಡಕಿವೆ. ಮೊದಲನೆಯದು, ನಿಧಾನ ಬಿಸಿ. ಹುಳಕ್ಕೆ ಮೊದಲು ಹದವಾದ ಕಾವು ತಾಗಿದರೆ ಅದರ ಮೈ ತಯಾರಾಗುತ್ತದೆ. ಜೀವಕೋಶಗಳನ್ನು ಕಾಯುವ ಕೆಲವು ಪ್ರೋಟೀನುಗಳು ಹುಟ್ಟಿಕೊಳ್ಳುತ್ತವೆ. ಆಮೇಲೆ ಬರುವ ಹೆಚ್ಚಿನ ಬಿಸಿಯನ್ನು ಅದು ಜಾಸ್ತಿ ಹೊತ್ತು ತಡೆಯುತ್ತದೆ. ಬಾಳೆಹಣ್ಣಿನ ಮೇಲೆ ಹಾರಾಡುವ ಪುಟ್ಟ ನೊಣ ಇದೆಯಲ್ಲ, ಅದು ಬೇರೆ ಜಾತಿ, ಅದರಲ್ಲಿ ಈ ಗುಟ್ಟಿನ ಮೊದಲ ಸುಳಿವು ಕಂಡವರು ಇಟಲಿಯ ಫೆರುಚಿಯೊ ರಿಟೋಸಾ, 1962ರಲ್ಲಿ. ಆದ್ದರಿಂದ ತಣ್ಣೀರಿಗೆ ಕಾಯಿ ಹಾಕಿ ಬೆಂಕಿ ಮಾಡಬೇಡಿ. ನೀರು 48ಕ್ಕೆ ಬಂದ ಮೇಲೆಯೇ ಕಾಯಿ ಇಳಿಸಿ.

ಎರಡನೆಯದು, ಅಂದಾಜು. ಬೆರಳು ಅದ್ದಿ ನೋಡಿದರೆ 44ಕ್ಕೂ 48ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹುಳಕ್ಕೆ ಮಾತ್ರ ಆ ನಾಲ್ಕು ಡಿಗ್ರಿಯೇ ಜೀವನ್ಮರಣದ ಪ್ರಶ್ನೆ. ಸುಮ್ನೆ ಒಂದು ಥರ್ಮಾಮೀಟರ್ ತನ್ನಿ. ಜ್ವರ ನೋಡುವುದಲ್ಲ, ಅದು ಅಷ್ಟು ಮೇಲೆ ಹೋಗುವುದಿಲ್ಲ. ನೀರು ಜಾಸ್ತಿ, ಕಾಯಿ ಕಡಿಮೆ ಇರಲಿ. ತಳದ ಬಿಸಿ ಕಾಯಿಗೆ ನೇರ ತಾಗದ ಹಾಗೆ ಬುಟ್ಟಿಯಲ್ಲಿ ಇಳಿಬಿಡಿ. ಆಗಾಗ ಕೈಯಾಡಿಸಿ. ಕಾವು ಇಳಿದರೆ ಬಿಸಿನೀರು ಬೆರೆಸಿ, ಐವತ್ತು ದಾಟಿಸಬೇಡಿ. ಕೊಯ್ದ ದಿನವೇ, ಬಲಿತ ಗಟ್ಟಿ ಕಾಯಿಗೆ ಮಾಡಿ. ಹೊರತೆಗೆದು ನೆರಳಲ್ಲಿ ಆರಿಸಿ.

ಕರಿ ಇಶಾಡದ ಸಿಪ್ಪೆ ತೆಳು. ಬಿಸಿಗೆ ಬೇಗ ಸುಡುತ್ತದೆ ಅನ್ನುವ ಹೆದರಿಕೆ ನನಗಿದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು ಅದು, ಒಂದು ಪೆಟ್ಟಿಗೆ ಹಾಳಾದರೂ ಹೊಟ್ಟೆ ಉರಿಯುತ್ತದೆ. ಮೊದಲು ನಾಲ್ಕೇ ಕಾಯಿಗೆ ಮಾಡಿ, ಹಣ್ಣಾಗುವವರೆಗೆ ಕಾಯಿರಿ. ಇನ್ನೊಂದು ಮಾತು: ಒಳಗೆ ಆಗಲೇ ಹುಳ ದೊಡ್ಡದಾಗಿದ್ದರೆ ಬಿಸಿನೀರು ಅದನ್ನು ಕೊಂದೀತು, ಮಾಯ ಮಾಡಲಾರದು.

ಪ್ರಶ್ನೆ: ಇದೇ ನೊಣ ಆಫ್ರಿಕಾಕ್ಕೂ ಹೋಗಿದೆಯಂತೆ, ಹೌದಾ?
– ಕಾರವಾರದ ಕಾಲೇಜು ವಿದ್ಯಾರ್ಥಿ

ಉತ್ತರ: ಹೌದು ತಮ್ಮಾ. 2003ರಲ್ಲಿ ಕೀನ್ಯಾದಲ್ಲಿ ಕಂಡಿತು. ಹೊಸ ಜಾತಿ ಅಂದುಕೊಂಡು 2005ರಲ್ಲಿ ಬ್ಯಾಕ್ಟ್ರೋಸೆರಾ ಇನ್ವೇಡೆನ್ಸ್ ಅಂತ ಹೆಸರಿಟ್ಟರು. ಆಕ್ರಮಿಸುವುದು ಅಂತ ಅರ್ಥ. ಆಮೇಲೆ ಕೂಡಿಸಿ ನೋಡಿದರೆ ನಮ್ಮ ಏಷ್ಯಾದ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್‌ಗೂ ಅದಕ್ಕೂ ಭೇದವಿಲ್ಲ ಅಂತಾಯಿತು. 2015ರಲ್ಲಿ ಎರಡನ್ನೂ ಒಂದೇ ಮಾಡಿದರು. ಅಳಿಯನ ತಟ್ಟೆಯಲ್ಲಿ ಹುಳ ಕಂಡರೆ ಅಕ್ಕನಿಗೆ ಒಂದು ದಿನದ ಬೇಸರ. ಆಫ್ರಿಕಾದ ರೈತರಿಗೆ ಪರದೇಶದ ಮಾರುಕಟ್ಟೆಯ ಬಾಗಿಲೇ ಮುಚ್ಚುತ್ತದೆ. ಪೆಟ್ಟಿಗೆಯ ಒಳಗೆ ಒಂದೂ ಜೀವಂತ ಹುಳ ಇರಬಾರದು ಅಂತ ದೇಶಗಳು ಹಟ ಹಿಡಿಯುವುದು ಇದಕ್ಕೇ.

ಪ್ರಶ್ನೆ: ಮರದಡಿ ಬಿದ್ದ ಹುಳುಕು ಹಣ್ಣು ಗೊಬ್ಬರಗುಂಡಿಗೆ ಹಾಕಬಹುದಾ?
– ಸಿದ್ದಾಪುರದ ಓದುಗರು

ಉತ್ತರ: ಬೇಡ. ಹುಳ ಹಣ್ಣಿಂದ ಹೊರಬಿದ್ದು ಮಣ್ಣಿಗಿಳಿದು ಕೋಶ ಕಟ್ಟುತ್ತದೆ, ಅಲ್ಲಿಂದ ನೊಣವಾಗಿ ಏಳುತ್ತದೆ. ಬಿಸಿಲಿದ್ದಾಗ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ವಾರ ಅಂಗಳದಲ್ಲಿಡಿ. ಮಳೆ ಹಿಡಿದ ಮೇಲೆ ನಮ್ಮ ಕಡೆ ಬಿಸಿಲನ್ನು ನಂಬುವ ಹಾಗಿಲ್ಲ. ಆಗ ಎರಡಡಿ ಗುಂಡಿ ತೋಡಿ ಹುಗಿಯಿರಿ. ದಿನಾ ಬೆಳಿಗ್ಗೆ ಹೆಕ್ಕಬೇಕು, ವಾರಕ್ಕೊಮ್ಮೆ ಅಂದರೆ ಅಷ್ಟರಲ್ಲಿ ಹುಳ ಮಣ್ಣು ಸೇರಿರುತ್ತದೆ.