ಕ್ರೂಸ್ ಹಡಗಿನ ಫಾರ್ಮಲ್ ನೈಟ್‌ಗೆ ಟಕ್ಸಿಡೊ ಕೊಳ್ಳಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಗಂಡ ಹೆಂಡತಿ ಮೊದಲ ಸಲ 7 ರಾತ್ರಿಯ ಕ್ರೂಸ್‌ಗೆ ಹೊರಟಿದ್ದೀರಿ. ಬುಕಿಂಗ್ ಕಾಗದದಲ್ಲಿ 2 ಫಾರ್ಮಲ್ ನೈಟ್, ಅಂದರೆ ಊಟಕ್ಕೆ ಅಲಂಕಾರ ಮಾಡಿಕೊಂಡು ಬರಬೇಕಾದ ರಾತ್ರಿ, ಎಂದು ಬರೆದಿದೆ. ನಿಮ್ಮ ಯಜಮಾನರಿಗೆ ಟೈ ಕಂಡರೆ ಆಗುವುದಿಲ್ಲ, ಬೀರುವಿನಲ್ಲಿರುವುದು ಒಂದೇ ಒಂದು ಕಪ್ಪು ಸೂಟು. ಟಕ್ಸಿಡೊ (ಬೋ ಟೈ ಜೊತೆ ಹಾಕುವ ವಿಶೇಷ ಸಂಜೆಯ ಸೂಟು) ಕೊಳ್ಳಲೇಬೇಕಾ, ಇಲ್ಲದಿದ್ದರೆ ಊಟ ಕೊಡದೆ ವಾಪಸ್ ಕಳಿಸುತ್ತಾರಾ ಅಂತ ಕೇಳಿದ್ದೀರಿ.

ಕೊಳ್ಳಬೇಡಿ. ಆ ಸೂಟು ಸಾಕು. ಊಟವಂತೂ ಸಿಕ್ಕೇ ಸಿಗುತ್ತದೆ. ಹಡಗಿನಲ್ಲಿ ಹಸಿದುಕೊಂಡು ಮಲಗಿದವರನ್ನು ನಾನು ಇದುವರೆಗೆ ಕಂಡಿಲ್ಲ, ತಿಂದು ತಿಂದು ಸುಸ್ತಾಗಿ ಮಲಗಿದವರು ಬೇಕಾದಷ್ಟು ಜನ.

ನಾನು ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ನಿಮ್ಮ ಹಾಗೇ ಹೆದರಿ ಟಕ್ಸಿಡೊ ತೆಗೆದುಕೊಂಡೆ, ಅದರ ಕಥೆ ಆಮೇಲೆ ಹೇಳುತ್ತೇನೆ. ಅಷ್ಟರಲ್ಲಿ ಕಲಿತ ಒಂದು ವಿಷಯ ಇದೆ. ಬಟ್ಟೆಯ ನಿಯಮ ಏನು ಅಂತ ಕೇಳಿದರೆ ಸಾಲದು. ಯಾವ ಕೋಣೆಗೆ, ಎಷ್ಟು ಗಂಟೆಯಿಂದ ಅಂತಲೂ ಕೇಳಬೇಕು. ಹೆಚ್ಚಿನ ಹಡಗುಗಳಲ್ಲಿ ಫಾರ್ಮಲ್ ನೈಟ್‌ನ ನಿಯಮ ಮುಖ್ಯ ಊಟದ ಹಾಲ್‌ಗೆ ಮಾತ್ರ, ಜಾಸ್ತಿ ಅಂದರೆ ಒಂದೆರಡು ದುಬಾರಿ ರೆಸ್ಟೋರೆಂಟ್‌ಗಳಿಗೆ. ಅದೇ ಹೊತ್ತಿಗೆ ಮೇಲಿನ ಡೆಕ್‌ನ ಬಫೆಯಲ್ಲಿ ಜನ ಟೀ ಶರ್ಟ್ ಹಾಕಿಕೊಂಡು ಆರಾಮಾಗಿ ತಿನ್ನುತ್ತಿರುತ್ತಾರೆ. ನಿಮ್ಮವರಿಗೆ ಅವತ್ತು ಟೈ ಬೇಡವೇ ಬೇಡ ಅನ್ನಿಸಿದರೆ ಅಲ್ಲಿಗೆ ಹೋಗಿ, ಇಲ್ಲಾ ಊಟವನ್ನು ಕ್ಯಾಬಿನ್‌ಗೇ ತರಿಸಿಕೊಳ್ಳಿ.

ಇದಕ್ಕೆ ಹೊರತು ಅಂದರೆ ಮೊದಲು ನೆನಪಾಗುವುದು ಕ್ಯೂನಾರ್ಡ್ ಎಂಬ ಹಡಗು ಕಂಪನಿ. ಕ್ವೀನ್ ಮೇರಿ 2 ಅವರದೇ ಹಡಗು. ಅಲ್ಲಿ ಸಂಜೆ 6 ಆದ ಮೇಲೆ ಊಟದ ಹಾಲ್ ಅಷ್ಟೇ ಅಲ್ಲ, ಬಾರ್, ಥಿಯೇಟರ್, ಡ್ಯಾನ್ಸ್ ಹಾಲ್, ಹೆಚ್ಚುಕಮ್ಮಿ ಎಲ್ಲಾ ಕಡೆ ಆ ರಾತ್ರಿಯ ಉಡುಪು ಇರಬೇಕು. ಬಿಡುವು ಕೊಟ್ಟಿರುವುದು ಬಫೆಗೆ, ಗೋಲ್ಡನ್ ಲಯನ್ ಎಂಬ ಪಬ್‌ಗೆ, ಇನ್ನು ಕೆಲವೇ ಜಾಗಗಳಿಗೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ 7 ರಾತ್ರಿಯ ಪ್ರಯಾಣದಲ್ಲಿ ಸಾಮಾನ್ಯವಾಗಿ 2 ಗಾಲಾ ಸಂಜೆ (ಫಾರ್ಮಲ್ ನೈಟ್‌ಗೆ ಅವರಿಟ್ಟ ಹೆಸರು) ಬರುತ್ತವೆ. ಕಪ್ಪು ಬಿಳುಪು ಅಂತಲೋ, ಮುಖವಾಡ ಅಂತಲೋ ಅದಕ್ಕೊಂದು ಥೀಮ್ ಇರುತ್ತದೆ. ಥೀಮ್ ಪಾಲಿಸಲೇಬೇಕು ಅಂತಿಲ್ಲ. ಇಂಥ ಕಡೆಯೂ ಗಂಡಸರಿಗೆ ಟಕ್ಸಿಡೊ ಕಡ್ಡಾಯವಲ್ಲ, ಗಾಢ ಬಣ್ಣದ ಸೂಟು ಮತ್ತು ಟೈ ನಡೆಯುತ್ತದೆ. ಯಾವುದೇ ದೇಶದ ಸಾಂಪ್ರದಾಯಿಕ ಉಡುಪಿಗೂ ಸ್ವಾಗತ ಇದೆ. ಸೀರೆ, ಕಿಮೊನೊ, ಸ್ಕಾಟ್ಲೆಂಡ್‌ನ ಕಿಲ್ಟ್ ಮೂರನ್ನೂ ನಾನು ಒಂದೇ ರಾತ್ರಿ ಒಂದೇ ಲಿಫ್ಟ್‌ನಲ್ಲಿ ನೋಡಿದ್ದೇನೆ. ನೀವು ಗೌನ್ ಹುಡುಕುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ತುದಿಯಲ್ಲಿ ನಾರ್ವೀಜಿಯನ್ ಎಂಬ ಕ್ರೂಸ್ ಕಂಪನಿ ಇದೆ. ಅವರು 2000ದಲ್ಲೇ ಫ್ರೀಸ್ಟೈಲ್ ಅಂತ ಹೆಸರಿಟ್ಟು ಕಡ್ಡಾಯದ ಫಾರ್ಮಲ್ ನೈಟ್ ತೆಗೆದುಹಾಕಿದರು. ಸೆಲೆಬ್ರಿಟಿ 2015ರಲ್ಲಿ ಫಾರ್ಮಲ್ ನೈಟ್ ಬದಲು ಈವ್ನಿಂಗ್ ಶಿಕ್ ತಂದಿತು. ಚೆನ್ನಾಗಿ ಕಾಣಿ, ಟೈ ನಿಮ್ಮಿಷ್ಟ ಅನ್ನುವುದು ಅದರ ಸಾರ. ವೈಕಿಂಗ್‌ನ ಸಮುದ್ರ ಹಡಗುಗಳಲ್ಲಿ ಫಾರ್ಮಲ್ ನೈಟ್ ಇಲ್ಲವೇ ಇಲ್ಲ. ಕಾರ್ನಿವಲ್‌ನಲ್ಲಿ ಅದಕ್ಕೆ ಕ್ರೂಸ್ ಎಲಿಗೆಂಟ್ ಅನ್ನುತ್ತಾರೆ. ಹೆಸರು ಜೋರಾಗಿದೆ, ಆದರೆ ಒಳ್ಳೆಯ ಪ್ಯಾಂಟು, ಕಾಲರ್ ಇರುವ ಶರ್ಟು ಇದ್ದರೆ ಒಳಗೆ ಬಿಡುತ್ತಾರೆ. ನೀವು ಹಡಗಿನ ಹೆಸರು ಬರೆದಿಲ್ಲ. ಹಾಗಾಗಿ ಆ ಕಂಪನಿಯ ವೆಬ್‌ಸೈಟ್‌ನಲ್ಲಿ ಉಡುಪಿನ ಪುಟವನ್ನು ನೀವೇ ಒಮ್ಮೆ ಓದಿ. ಹತ್ತು ವರ್ಷದ ಹಿಂದೆ ಹೋಗಿ ಬಂದವರ ಮಾತು ಕೇಳಬೇಡಿ, ಈ ನಿಯಮಗಳು ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತಾ ಬಂದಿವೆ.

ಈಗ ನನ್ನ ಟಕ್ಸಿಡೊ ಕಥೆ. ಆ ಸೆಟ್‌ನ ಜೊತೆ ಬಂದ ಬಿಳಿ ಶರ್ಟಿಗೆ ಎದೆಯ ಭಾಗದಲ್ಲಿ ಗುಂಡಿಗಳೇ ಇರಲಿಲ್ಲ. ಎರಡೂ ಕಡೆ ಬರೀ ಕಾಜಾ. ಅದಕ್ಕೆ ಸ್ಟಡ್ ಅಂತ ಬೇರೆ ಪುಟ್ಟ ಗುಂಡಿಗಳು ಬರುತ್ತವೆ, ಅವನ್ನು ಸಿಕ್ಕಿಸಿಕೊಳ್ಳಬೇಕು ಅನ್ನುವುದು ನನಗೆ ಗೊತ್ತಾಗಿದ್ದು ಊಟಕ್ಕೆ ಅರ್ಧ ಗಂಟೆ ಇರುವಾಗ, ಕ್ಯಾಬಿನ್‌ನ ಕನ್ನಡಿ ಮುಂದೆ. ಮನೆಯಲ್ಲಿ ಒಂದು ಸಲವಾದರೂ ಹಾಕಿ ನೋಡಿದ್ದರೆ ತಿಳಿಯುತ್ತಿತ್ತು. ಹೆಂಡತಿ ಒಂದು ನಿಮಿಷ ನಕ್ಕಳು. ಆಮೇಲೆ ಸೂಜಿ ದಾರ ತೆಗೆದು ಶರ್ಟನ್ನು ನನ್ನ ಮೈಮೇಲೇ ಹೊಲಿದಳು. ಎರಡು ಕಡೆ ಸೂಜಿ ಚುಚ್ಚಿತು. ಊಟ ಪೂರ್ತಿ ನಾನು ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ, ಎಲ್ಲಿ ದಾರ ಕಿತ್ತು ಹೋಗುತ್ತೋ ಅಂತ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ನನ್ನ ಶಿಸ್ತನ್ನು ಹೊಗಳಿದರು. ರಾತ್ರಿ ನೇಲ್ ಕಟರ್‌ನಿಂದ ಕತ್ತರಿಸಿಕೊಂಡು ಶರ್ಟಿನಿಂದ ಹೊರಗೆ ಬಂದೆ. ಸ್ಟಡ್ ಹಡಗಿನ ಅಂಗಡಿಯಲ್ಲೇ ಮಾರಾಟಕ್ಕಿತ್ತು ಅಂತ ಮರುದಿನ ಗೊತ್ತಾಯಿತು. ಮುಂದಿನ ಮೂರೂ ಪ್ರಯಾಣಕ್ಕೆ ಹಳೆಯ ಸೂಟೇ.

ಹೆಂಗಸರಿಗೆ ನಿಯಮ ಇನ್ನೂ ಸಲೀಸು. ಗೌನ್ ನೆಲಕ್ಕೆ ತಾಗಬೇಕು ಅಂತೇನಿಲ್ಲ. ಮೊಣಕಾಲಿನ ಆಸುಪಾಸಿನ ಕಾಕ್‌ಟೇಲ್ ಡ್ರೆಸ್, ಒಳ್ಳೆಯ ಪ್ಯಾಂಟ್ ಸೂಟ್, ಎಲ್ಲವೂ ನಡೆಯುತ್ತವೆ. ನನ್ನ ಹೆಂಡತಿ ಕೊಡುವ ಸಲಹೆ ಬೇರೆಯೇ: ಉಡುಪಿಗಿಂತ ಚಪ್ಪಲಿಯ ಬಗ್ಗೆ ಯೋಚನೆ ಮಾಡಿ ಅನ್ನುತ್ತಾಳೆ. ಹಡಗು ಸ್ವಲ್ಪ ಅಲುಗಿದರೂ ಸಪೂರ ಹೀಲ್ಸ್‌ನಲ್ಲಿ ಮೆಟ್ಟಿಲು ಇಳಿಯುವುದು ಕಷ್ಟ. ಕ್ಯಾಬಿನ್‌ನಿಂದ ಊಟದ ಹಾಲ್‌ಗೆ ಹಡಗಿನ ಮುಕ್ಕಾಲು ಉದ್ದ ನಡೆಯಬೇಕಾಗಿ ಬರಬಹುದು. ಹಾಲ್‌ನಲ್ಲಿ ಎಸಿ ಜೋರು, ಹೊದೆಯಲು ಒಂದು ಶಾಲು ಇರಲಿ.

ಫಾರ್ಮಲ್ ನೈಟ್ ಯಾವತ್ತು ಬರುತ್ತದೆ ಅಂತ ನೀವು ಕೇಳಿಲ್ಲ, ಆದರೆ ತಿಳಿದಿದ್ದರೆ ಒಳ್ಳೆಯದು. ಸಾಮಾನ್ಯವಾಗಿ ಯಾವ ಬಂದರಿಗೂ ಹೋಗದೆ ಹಡಗು ಸಮುದ್ರದಲ್ಲೇ ಇರುವ ದಿನ ಇಡುತ್ತಾರೆ. ಊರು ಸುತ್ತಿ ಬೆವರಿ ಬಂದವರಿಗೆ ತಲೆ ಬಾಚಿಕೊಳ್ಳಲೂ ಹೊತ್ತಿರುವುದಿಲ್ಲ ಅಲ್ವಾ? ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಇಡುವುದೇ ಕಡಿಮೆ. ಮೊದಲ ದಿನ ನಿಮ್ಮ ಸೂಟ್‌ಕೇಸ್ ಕ್ಯಾಬಿನ್ ಬಾಗಿಲಿಗೆ ಬರುವ ಹೊತ್ತಿಗೆ ಕತ್ತಲಾಗಿರಬಹುದು, ಕೊನೆಯ ರಾತ್ರಿ ಅದನ್ನು ತುಂಬಿ ಬಾಗಿಲ ಹೊರಗೆ ಇಡಬೇಕು. ಇದು ಇವತ್ತಿನದಲ್ಲ. ಅಟ್ಲಾಂಟಿಕ್ ದಾಟುವ ಹಳೆಯ ಹಡಗುಗಳ ಮೊದಲ ದರ್ಜೆಯಲ್ಲಿ ರಾತ್ರಿ ಊಟಕ್ಕೆ ಎಲ್ಲರೂ ಅಲಂಕಾರ ಮಾಡಿಕೊಂಡು ಬರುತ್ತಿದ್ದ ಕಾಲದಲ್ಲೂ ಮೊದಲ ಮತ್ತು ಕೊನೆಯ ರಾತ್ರಿಗೆ ರಿಯಾಯಿತಿ ಇತ್ತು. ಟ್ರಂಕ್ ಬಿಚ್ಚಿರುವುದಿಲ್ಲ, ಇಲ್ಲವೇ ಕಟ್ಟಿ ಆಗಿರುತ್ತದೆ. ಆಗ ಟ್ರಂಕ್‌ಗಳಿಗೆ ಪ್ರಯಾಣದಲ್ಲಿ ಬೇಕು, ಪ್ರಯಾಣದಲ್ಲಿ ಬೇಡ ಅಂತ ಚೀಟಿ ಅಂಟಿಸುತ್ತಿದ್ದರು. ಬೇಡ ಅನ್ನುವುದು ಹಡಗಿನ ಹೊಟ್ಟೆಗೆ ಹೋಗುತ್ತಿತ್ತು. ಚೀಟಿ ಅದಲುಬದಲಾಗಿ ಇಡೀ ಸಮುದ್ರವನ್ನು ಒಂದೇ ಕೋಟಿನಲ್ಲಿ ದಾಟಿದವರು ಎಷ್ಟು ಜನರಿದ್ದರೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಈ ಅಲಂಕಾರಕ್ಕೆ ಹಡಗು ಕಟ್ಟುವವರೂ ಕುಮ್ಮಕ್ಕು ಕೊಟ್ಟರು ಅನ್ನಿ. 1935ರಲ್ಲಿ ಓಡಾಟ ಶುರು ಮಾಡಿದ ಫ್ರಾನ್ಸಿನ ನಾರ್ಮಂಡಿ ಹಡಗಿನ ಮೊದಲ ದರ್ಜೆಯ ಊಟದ ಹಾಲ್ 90 ಮೀಟರ್‌ಗಿಂತ ಉದ್ದ ಇತ್ತು. ಒಮ್ಮೆಗೆ ಸುಮಾರು 700 ಜನ ಕೂರಬಹುದಿತ್ತು. ಒಳಗೆ ಬರುವವರು ಮೆಟ್ಟಿಲು ಇಳಿದು ಬರಬೇಕು, ಕೂತವರೆಲ್ಲ ನೋಡುತ್ತಾರೆ. ಅಂಥ ಕಡೆ ಯಾರು ತಾನೇ ಸುಕ್ಕು ಬಟ್ಟೆಯಲ್ಲಿ ಇಳಿದಾರು!

ಸುಕ್ಕು ಅಂದ ಮೇಲೆ ನೆನಪಾಯಿತು. ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ, ಬಟ್ಟೆಗೆ ಹಬೆ ಹಿಡಿಯುವ ಪುಟ್ಟ ಸ್ಟೀಮರ್ ಕೂಡ ಬೇಡ. ಬೆಂಕಿಯ ಭಯಕ್ಕೆ ಹಡಗಿನವರು ಇವನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ. ಎರಡನೇ ಪ್ರಯಾಣದಲ್ಲಿ ನಮ್ಮ ಸ್ಟೀಮರ್ ಹತ್ತುವಾಗಲೇ ಕೈಬಿಟ್ಟಿತು, ಇಳಿಯುವ ದಿನ ಚೀಟಿ ತೋರಿಸಿ ವಾಪಸ್ ತಂದೆವು. ಕ್ಯೂನಾರ್ಡ್, ಪ್ರಿನ್ಸೆಸ್‌ನಂಥ ಕೆಲವು ಕಂಪನಿಗಳ ಹಡಗುಗಳಲ್ಲಿ ಪ್ರಯಾಣಿಕರೇ ಬಳಸುವ ಲಾಂಡ್ರಿ ಕೋಣೆ ಇದೆ, ಅಲ್ಲಿ ಇಸ್ತ್ರಿ ಮಾಡಬಹುದು. ಗಾಲಾ ದಿನ ಮಧ್ಯಾಹ್ನ ಅಲ್ಲಿ ಸರದಿ ಉದ್ದ ಇರುತ್ತದೆ, ಹಿಂದಿನ ದಿನವೇ ಮುಗಿಸಿ. ಬೇರೆ ಕಡೆ ಕ್ಯಾಬಿನ್ ನೋಡಿಕೊಳ್ಳುವವರ ಕೈಗೆ ಕೊಟ್ಟರೆ ದುಡ್ಡು ತೆಗೆದುಕೊಂಡು ಇಸ್ತ್ರಿ ಮಾಡಿಸಿ ತರುತ್ತಾರೆ. ನಾವು ಮಾಡುವುದು ಇನ್ನೂ ಸುಲಭ. ಹತ್ತಿದ ದಿನವೇ ಸೂಟನ್ನು ಬಾತ್‌ರೂಮಿನಲ್ಲಿ ತೂಗುಹಾಕಿ, ಬಿಸಿನೀರಿನ ಸ್ನಾನ ಮಾಡುತ್ತೇವೆ. ಹಬೆಗೆ ಸುಕ್ಕು ಮುಕ್ಕಾಲು ಪಾಲು ಹೋಗುತ್ತದೆ.

ಫೋಟೋ ವಿಷಯ ಒಂದು ಮಾತು. ಫಾರ್ಮಲ್ ನೈಟ್ ದಿನ ಹಡಗಿನ ಫೋಟೋಗ್ರಾಫರ್‌ಗಳು ಮೆಟ್ಟಿಲ ಹತ್ತಿರ ಪರದೆ ಕಟ್ಟಿ ನಿಂತಿರುತ್ತಾರೆ. ನಿಲ್ಲಿ, ನಗಿ, ತೆಗೆಸಿಕೊಳ್ಳುವುದು ಬಹುತೇಕ ಕಡೆ ಪುಕ್ಕಟೆ. ಪ್ರಿಂಟ್ ಬೇಕು ಅಂದಾಗ ಬೆಲೆ ಗೊತ್ತಾಗುತ್ತದೆ.

ನಿಮ್ಮವರ ಟೈ ಸಮಸ್ಯೆಗೆ ಬಂದರೆ, ಕುತ್ತಿಗೆ ಬಿಗಿಯುವುದು ಹೆಚ್ಚಾಗಿ ಟೈ ಅಲ್ಲ, ಕಾಲರ್. ಅರ್ಧ ಇಂಚು ದೊಡ್ಡ ಕಾಲರ್‌ನ ಶರ್ಟು ತೆಗೆದುಕೊಳ್ಳಿ, ಗಲಾಟೆ ಕಡಿಮೆಯಾಗುತ್ತದೆ. ಎರಡೂ ರಾತ್ರಿಗೆ ಅದೇ ಸೂಟು, ಟೈ ಮಾತ್ರ ಬೇರೆ. ಸಿಕ್ಕಿಸುವ ರೆಡಿಮೇಡ್ ಬೋ ಟೈ ಆದರೂ ಆದೀತು, ಎರಡು ಗಜ ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಊಟ ಮುಗಿಸಿ ತೆರೆದ ಡೆಕ್‌ಗೆ ಬಂದ ಮೇಲೆ ಅದು ಜೇಬಿಗೆ ಹೋದರೆ ಯಾರೂ ಕೇಳುವುದಿಲ್ಲ. ಅಲ್ಲಿ ಆ ಹೊತ್ತಿಗೆ ಕಾಲರ್ ಬಿಚ್ಚಿಕೊಂಡು ಗಾಳಿಗೆ ನಿಂತ ಗಂಡಸರು ಸಾಕಷ್ಟು ಸಿಗುತ್ತಾರೆ, ನಾನೂ ಅದೇ ಗುಂಪಿನವನು.