ಬಂದರಿನ ಕಮಿಷನರ್ ಹಡಗಿನವರೇ ಆಗಬೇಕಾ?

ಓದುಗರ ಪತ್ರ, ಸಂಕ್ಷಿಪ್ತವಾಗಿ: ನಾನು ಸುರತ್ಕಲ್ ಕಡೆಯವಳು. ಈಗ ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿದ್ದೇನೆ. ಇಲ್ಲಿನ ಪೌರತ್ವ ಸಿಕ್ಕಮೇಲೆ ಮೊದಲ ಸಲ ಮತಪತ್ರ ಮನೆಗೆ ಬಂತು. ಅದರಲ್ಲಿ ‘ಸಿಯಾಟಲ್ ಬಂದರಿನ ಕಮಿಷನರ್’ ಹುದ್ದೆಯೂ ಇತ್ತು. ಅಭ್ಯರ್ಥಿಗಳ ಪರಿಚಯ ಓದಿದೆ. ವಕೀಲರಿದ್ದಾರೆ, ಸಮಾಜಸೇವೆಯವರಿದ್ದಾರೆ. ಹಡಗಿನ ವಿಷಯ ಗೊತ್ತಿರುವವರು ಕಾಣಲಿಲ್ಲ. ಇಷ್ಟು ದೊಡ್ಡ ಬಂದರನ್ನು ಇಂಥವರ ಕೈಗೆ ಕೊಡುವುದು ಸರಿಯಾ? ಅಧಿಕಾರಿಗಳೇ ನೋಡಿಕೊಳ್ಳುವ, ಮಂಗಳೂರಿನ ನಮ್ಮ ಪಣಂಬೂರು ಬಂದರಿನ ವ್ಯವಸ್ಥೆಯೇ ವಾಸಿ ಅಲ್ವಾ?

ಸಂಪಾದಕರ ಉತ್ತರ:

ಪ್ರಿಯ ಓದುಗರೇ, ಮತಪತ್ರದ ಕೊನೆಯಲ್ಲಿರುವ ಹುದ್ದೆಯ ಬಗ್ಗೆಯೂ ಇಷ್ಟು ಯೋಚಿಸಿ ಬರೆದಿದ್ದೀರಿ. ತುಂಬಾ ಸಂತೋಷವಾಯಿತು. ಆದರೆ ನಿಮ್ಮ ಎರಡನೇ ಮಾತನ್ನು ಒಪ್ಪುವುದು ನನಗೆ ಕಷ್ಟ. ಮೊದಲನೆಯದನ್ನೂ ಪೂರ್ತಿ ಒಪ್ಪಲಾರೆ.

ಕಮಿಷನರ್‌ಗಳು ಹಡಗನ್ನು ದಕ್ಕೆಗೆ ತರುವುದಿಲ್ಲ. ಅದಕ್ಕೆ ಪೈಲಟ್‌ಗಳಿದ್ದಾರೆ, ಎಂಜಿನಿಯರ್‌ಗಳಿದ್ದಾರೆ. ಸಿಯಾಟಲ್, ಬೆಲ್‌ವ್ಯೂ ಎಲ್ಲ ಸೇರಿದ ಇಡೀ ಕಿಂಗ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಜನ ನಾಲ್ಕು ವರ್ಷಕ್ಕೆ ಆರಿಸುವ ಈ ಐವರ ಕೆಲಸವೇ ಬೇರೆ. ಬಂದರಿನ ಮುಖ್ಯ ಅಧಿಕಾರಿಯನ್ನು ನೇಮಿಸುವುದು, ಬಜೆಟ್ ಒಪ್ಪುವುದು, ನಿಮ್ಮ ಮನೆಯ ಆಸ್ತಿ ತೆರಿಗೆಯಲ್ಲಿ ಬಂದರಿನ ಪಾಲು ಎಷ್ಟು ಎಂದು ನಿಗದಿ ಮಾಡುವುದು, ಜಾಗವನ್ನು ಯಾರಿಗೆ ಯಾವ ಷರತ್ತಿನ ಮೇಲೆ ಗುತ್ತಿಗೆ ಕೊಡಬೇಕು ಎಂದು ತೀರ್ಮಾನಿಸುವುದು. ಸೀ-ಟ್ಯಾಕ್ ವಿಮಾನ ನಿಲ್ದಾಣವೂ ಇವರದ್ದೇ. ಊರಿಗೆ ಬರುವಾಗ ನೀವು ವಿಮಾನ ಹತ್ತುವ ಜಾಗವೂ ಈ ಹುದ್ದೆಯ ಅಡಿಯಲ್ಲೇ ಬರುತ್ತದೆ.

ಈ ವ್ಯವಸ್ಥೆ ಯಾಕೆ ಹುಟ್ಟಿತು ಎಂದು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸಿಯಾಟಲ್‌ನ ಕಡಲಂಚು ಹೆಚ್ಚಾಗಿ ರೈಲ್ವೆ ಕಂಪನಿಗಳ ಹಿಡಿತದಲ್ಲಿತ್ತು. ದಕ್ಕೆ ಅವರದು, ಗೋದಾಮು ಅವರದು, ದರವೂ ಅವರು ಹೇಳಿದ್ದೇ. ಬೇಸತ್ತ ಜನ ಹೋರಾಡಿದರು. 1911ರಲ್ಲಿ ವಾಷಿಂಗ್ಟನ್ ರಾಜ್ಯ ಸಾರ್ವಜನಿಕ ಬಂದರುಗಳಿಗಾಗಿ ಕಾನೂನು ತಂದಿತು. ಅದೇ ಸೆಪ್ಟೆಂಬರ್‌ನಲ್ಲಿ ಕಿಂಗ್ ಕೌಂಟಿಯ ಮತದಾರರು ಸಿಯಾಟಲ್ ಬಂದರನ್ನು ಸ್ಥಾಪಿಸಿ, ಮೂವರು ಕಮಿಷನರ್‌ಗಳನ್ನು ಆರಿಸಿದರು.

ಆ ಮೂವರು ಯಾರು ನೋಡಿ. ಹೈರಮ್ ಚಿಟೆಂಡನ್ ಸೇನೆಯ ನಿವೃತ್ತ ಎಂಜಿನಿಯರ್. ನಿಮ್ಮೂರಿನ ಲೇಕ್ ವಾಷಿಂಗ್ಟನ್ನನ್ನು ಸಮುದ್ರಕ್ಕೆ ಸೇರಿಸುವ ಕಾಲುವೆಗೆ ದುಡಿದವರು. ಆ ಕಾಲುವೆಯಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಬ್ಯಾಲರ್ಡ್‌ನ ನೀರ್ಗಟ್ಟೆಗಳಿಗೆ (ಲಾಕ್‌ಗಳಿಗೆ) ಇವತ್ತೂ ಅವರದ್ದೇ ಹೆಸರಿದೆ. ರಾಬರ್ಟ್ ಬ್ರಿಜಸ್ ರೈತರು, ಕಾರ್ಮಿಕರ ಪರ ನಿಂತ ಪಾಪ್ಯುಲಿಸ್ಟ್ ಪಕ್ಷದ ರಾಜಕಾರಣಿ. ರಾಜ್ಯದ ಸಾರ್ವಜನಿಕ ಜಮೀನುಗಳ ಕಮಿಷನರ್ ಆಗಿದ್ದವರು. ದೊಡ್ಡ ಕಂಪನಿಗಳು ಸರ್ಕಾರಿ ಜಾಗವನ್ನು ಹೇಗೆ ಹೊಡೆಯುತ್ತವೆ ಎಂದು ಕಂಡವರು. ಮೂರನೆಯವರು ಚಾರ್ಲ್ಸ್ ರೆಮ್ಸ್‌ಬರ್ಗ್, ಸಿಯಾಟಲ್‌ನ ಫ್ರೀಮಾಂಟ್ ಬಡಾವಣೆಯ ಬ್ಯಾಂಕರ್. ಮೂವರಲ್ಲಿ ಒಬ್ಬರೂ ಹಡಗಿನ ಕಪ್ತಾನರಲ್ಲ.

ಬೇಗನೆ ಪರೀಕ್ಷೆಯೂ ಎದುರಾಯಿತು. 1912ರಲ್ಲಿ ಸಿಯಾಟಲ್‌ನ ಹಾರ್ಬರ್ ಐಲೆಂಡ್ ದ್ವೀಪದಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಬುಷ್ ಟರ್ಮಿನಲ್ (ದಕ್ಕೆ, ಗೋದಾಮು, ಕಾರ್ಖಾನೆ ಒಂದೇ ಕಡೆ ಇದ್ದ ಜಾಗ) ಮಾದರಿಯ ದೊಡ್ಡ ಯೋಜನೆಯೊಂದು ಬಂತು. ದುಡ್ಡು ಜನರದ್ದು, ನಡೆಸುವುದು ಖಾಸಗಿಯವರು. ಊರಿಗೆ ಊರೇ ಅದರ ಹಿಂದೆ ಬಿತ್ತು. ಕಮಿಷನರ್‌ಗಳಿಗೆ ಮಾತ್ರ ಅನುಮಾನ. ಖಾತರಿ ಎಲ್ಲಿ ಎಂದು ಕೇಳುತ್ತಲೇ ಹೋದರು. ಕೊನೆಗೆ ಯೋಜನೆ ತಂದವರಿಂದ ಒಪ್ಪಂದ ನಡೆಸಿಕೊಡಲು ಆಗಲಿಲ್ಲ, ಎಲ್ಲ ಬಿದ್ದುಹೋಯಿತು. ನನ್ನ ಪ್ರಕಾರ ಅವರ ಹಿನ್ನೆಲೆ ಕೆಲಸಕ್ಕೆ ಬಂದಿದ್ದು ಇಲ್ಲೇ. ಎಂಜಿನಿಯರ್‌ಗೆ ನಕ್ಷೆ ಓದಲು ಬರುತ್ತಿತ್ತು, ಬ್ಯಾಂಕರ್‌ಗೆ ಸಾಲದ ಲೆಕ್ಕ, ಬ್ರಿಜಸ್‌ಗೆ ಕಂಪನಿಗಳ ಬುದ್ಧಿ.

ಆಮೇಲೆ ಬಂದವರಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಜ್ಯಾಕ್ ಬ್ಲಾಕ್. ದಕ್ಕೆಯಲ್ಲಿ ಸರಕು ಇಳಿಸುವ ಕಾರ್ಮಿಕನಾಗಿದ್ದವರು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಮಿಷನರ್ ಆಗಿದ್ದರು. ವೆಸ್ಟ್ ಸಿಯಾಟಲ್‌ನಲ್ಲಿ ಅವರ ಹೆಸರಿನ ಪಾರ್ಕ್ ಇದೆ, ಬಿಡುವಾದಾಗ ಹೋಗಿ ಬನ್ನಿ. 2015ರಲ್ಲಿ ಗೆದ್ದ ಫ್ರೆಡ್ ಫೆಲ್ಮನ್ ಓರ್ಕಾ ತಿಮಿಂಗಿಲಗಳ ಉಳಿವಿಗಾಗಿ ದುಡಿದ ಪರಿಸರ ತಜ್ಞ. 2021ರಲ್ಲಿ ಗೆದ್ದ ಹಮ್ದಿ ಮೊಹಮ್ಮದ್ ಸೊಮಾಲಿಯಾದಿಂದ ನಿರಾಶ್ರಿತರಾಗಿ ಬಂದ ಕುಟುಂಬದವರು, ಬೆಳೆದದ್ದು ವಿಮಾನ ನಿಲ್ದಾಣದ ಪಕ್ಕದ ಊರಲ್ಲಿ. ತಲೆಯ ಮೇಲೆ ದಿನವಿಡೀ ವಿಮಾನ ಹಾರುವ ಕಡೆ ಬೆಳೆದವರು ಶಬ್ದ, ಹೊಗೆಯ ಬಗ್ಗೆ ಕೇಳುವ ಪ್ರಶ್ನೆ ಕಪ್ತಾನರಿಗೆ ಹೊಳೆಯುವುದು ಕಷ್ಟ.

ಹಾಗಂತ ಯಾರು ಬಂದರೂ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. 2007ರ ಕೊನೆಯಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಈ ಬಂದರಿನ ನಿರ್ಮಾಣ ಕಾಮಗಾರಿಗಳ ಬಗ್ಗೆ ಕಟುವಾದ ವರದಿ ಕೊಟ್ಟರು. ಸುಮಾರು 97 ಮಿಲಿಯನ್ ಡಾಲರ್ ಪೋಲಾಗಿದೆ ಎಂದರು. ಜನರೇ ಆರಿಸಿದ ಕಮಿಷನ್ ಇದ್ದಾಗಲೇ ಹೀಗಾಯಿತು. ಗುತ್ತಿಗೆಯ ಕಾಗದ ಓದಬಲ್ಲವರು, ಅಧಿಕಾರಿಗಳು ತಂದಿಟ್ಟದ್ದಕ್ಕೆ ಸುಮ್ನೆ ತಲೆಯಾಡಿಸದವರು ಅಲ್ಲಿ ಬೇಕೇ ಬೇಕು.

ಅದಕ್ಕೇ ನನ್ನ ಸಲಹೆ ಇದು. ಒಬ್ಬೊಬ್ಬ ಅಭ್ಯರ್ಥಿಗೂ ಹಡಗು ಗೊತ್ತಾ ಎಂದು ನೋಡಬೇಡಿ. ಐವರನ್ನೂ ಒಟ್ಟಿಗೆ ಇಟ್ಟು ನೋಡಿ. ಲೆಕ್ಕ ಗೊತ್ತಿರುವವರು ಇದ್ದಾರಾ? ದಕ್ಕೆಯ ಕೆಲಸ ಬಲ್ಲವರು? ನೀರು ಮತ್ತು ಮೀನಿನ ಬಗ್ಗೆ ತಿಳಿದವರು? ಬಂದರಿನ ಹೊಗೆ ಕುಡಿಯುವ ಬೀದಿಯವರು? ಯಾರ ಕೊರತೆ ಇದೆಯೋ ಅವರಿಗೆ ಮತ ಹಾಕಿ. ಅದಕ್ಕೂ ಮೊದಲು ಅಭ್ಯರ್ಥಿಗೆ ದುಡ್ಡು ಕೊಟ್ಟವರು ಯಾರು ಎಂದು ನೋಡಿ. ನಿಮ್ಮ ರಾಜ್ಯದ ಪಬ್ಲಿಕ್ ಡಿಸ್‌ಕ್ಲೋಷರ್ ಕಮಿಷನ್ ಆ ವಿವರವನ್ನೆಲ್ಲ ಜನರ ಮುಂದಿಡುತ್ತದೆ. ಬಂದರಿನ ಗುತ್ತಿಗೆದಾರರೇ ಚುನಾವಣೆಯ ಖರ್ಚು ನೋಡಿಕೊಂಡಿದ್ದರೆ, ಪರಿಚಯಪತ್ರದ ಒಳ್ಳೆಯ ಮಾತುಗಳನ್ನು ನಾನಂತೂ ನಂಬುವುದಿಲ್ಲ.

ಇನ್ನು ಪಣಂಬೂರು. 1974ರಲ್ಲಿ ಕೇಂದ್ರ ಸರ್ಕಾರದ ಅಡಿಯ ‘ಪ್ರಮುಖ ಬಂದರು’ ಎಂದು ಘೋಷಣೆಯಾದ, ಅಲ್ಲಿನ ನವಮಂಗಳೂರು ಬಂದರಿನ ಮಂಡಳಿಗೆ ಯಾರೂ ಮತ ಹಾಕುವುದಿಲ್ಲ. ಪ್ರಮುಖ ಬಂದರುಗಳ 1963ರ ಹಳೆಯ ಕಾಯ್ದೆಯಲ್ಲಿ ಕಾರ್ಮಿಕರು, ಹಡಗು ಮಾಲೀಕರು, ಹಾಯಿಹಡಗಿನ ಮಾಲೀಕರು, ಸರಕು ಕಳಿಸುವವರು, ಹೀಗೆ ಬೇರೆಬೇರೆ ಹಿತಗಳ ಪ್ರಸ್ತಾಪವಾದರೂ ಇತ್ತು. 2021ರ ಕಾಯ್ದೆ ಮಂಡಳಿಯನ್ನು ಚಿಕ್ಕದು ಮಾಡಿತು. ಈಗ ಅಧ್ಯಕ್ಷ, ಉಪಾಧ್ಯಕ್ಷರ ಜೊತೆ ರಾಜ್ಯ ಸರ್ಕಾರ, ರೈಲ್ವೆ, ರಕ್ಷಣೆ, ಕಸ್ಟಮ್ಸ್‌ನಿಂದ ಒಬ್ಬೊಬ್ಬರು, ಕೇಂದ್ರದ ಇನ್ನೊಬ್ಬ ಅಧಿಕಾರಿ, ನೌಕರರ ಪರವಾಗಿ ಇಬ್ಬರು, ಎರಡರಿಂದ ನಾಲ್ಕು ಸ್ವತಂತ್ರ ಸದಸ್ಯರು. ಅನುಭವಿ ಅಧಿಕಾರಿಗಳು ಇದ್ದಾರೆ ನಿಜ. ಆದರೆ ಮಂಗಳೂರು ಪಾಲಿಕೆಗೆ ಅಂತ ಒಂದು ಕುರ್ಚಿ ಇಲ್ಲ. ಮೀನುಗಾರ ಸಮುದಾಯದ ಮೊಗವೀರರಿಗೆ ಅಂತ ಇಲ್ಲ. ಬಂದರಿಗೆ ಜಾಗ ಬಿಟ್ಟುಕೊಟ್ಟು ಕಾಟಿಪಳ್ಳ, ಕೃಷ್ಣಾಪುರದ ಕಡೆ ಮನೆ ಕಟ್ಟಿಕೊಂಡ ಕುಟುಂಬಗಳಿಗೆ ಅಂತಲೂ ಇಲ್ಲ. ನೀವು ಸುರತ್ಕಲ್‌ನವರು, ಆ ಮನೆಗಳು ನಿಮಗೇ ನನಗಿಂತ ಚೆನ್ನಾಗಿ ಗೊತ್ತು.

ಸಿಯಾಟಲ್‌ನ ಮೊದಲ ಕಮಿಷನರ್‌ಗಳು ಆರಂಭದಲ್ಲೇ ಕಟ್ಟಿಸಿದ್ದರಲ್ಲಿ ಒಂದು ಮೀನುಗಾರರ ದಕ್ಕೆ, ಫಿಶರ್‌ಮೆನ್ಸ್ ಟರ್ಮಿನಲ್. ಅದು 1914ರಿಂದ ಇದೆ, ದೋಣಿಗಳು ಈಗಲೂ ಅಲ್ಲೇ ನಿಲ್ಲುತ್ತವೆ. ಮತ ಕೇಳಿ ಬಂದವರಿಗೆ ಮೀನುಗಾರರನ್ನು ಮರೆಯುವುದು ಅಷ್ಟು ಸುಲಭವಾಗಿರಲಿಲ್ಲ. ನಮ್ಮ ಮಂಡಳಿಗೂ ಕರಾವಳಿಯವರೇ ಆರಿಸಿದ ಇಬ್ಬರಾದರೂ ಬರಬೇಕು, ಅದಕ್ಕಾಗಿ ಕಾಯ್ದೆ ತಿದ್ದಬೇಕು ಎಂಬುದು ಈ ಪತ್ರಿಕೆಯ ನಿಲುವು. ಮತ ಹಾಕಿದ ಮೇಲೆ ಒಂದು ದಿನ ಅಲ್ಲಿನ ಕಮಿಷನ್ ಸಭೆಗೆ ಹೋಗಿ ಕೂತು ನೋಡಿ. ಸಾರ್ವಜನಿಕರಿಗೆ ಮಾತಾಡಲು ಸಮಯ ಕೊಡುತ್ತಾರೆ. ಅಲ್ಲಿ ಕಂಡದ್ದನ್ನು ನಮಗೆ ಬರೆದು ಕಳಿಸಿ, ಮಂಗಳೂರಿನ ಓದುಗರಿಗಾಗಿ ಪ್ರಕಟಿಸುತ್ತೇವೆ.

— ಸಂಪಾದಕ