ಮಂಗನ ಕಾಯಿಲೆಯ ಕರಡು, ಹದಿನೇಳು ಟಿಪ್ಪಣಿ

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಊರು ಸಾಗರದ ಹತ್ತಿರ. ಕನ್ನಡದ ಆನ್‌ಲೈನ್ ವಿಶ್ವಕೋಶಕ್ಕೆಂದು ‘ಮಂಗನ ಕಾಯಿಲೆ’ ಲೇಖನದ ಕರಡು ಬರೆದು ಇಬ್ಬರು ಸಹಪಾಠಿಗಳಿಗೆ ಕೊಟ್ಟೆ. ಒಬ್ಬಳು ‘ಸೂಪರ್ ಕಣೇ’ ಎಂದಳು. ಇನ್ನೊಬ್ಬ ಹದಿನೇಳು ಕಡೆ ಟಿಪ್ಪಣಿ ಹಾಕಿದ್ದಾನೆ. ಆ ಕಾಯಿಲೆಯನ್ನು ಊರಲ್ಲೇ ಕಂಡವಳು ನಾನು, ಬೆಂಗಳೂರಿನ ಹುಡುಗನಿಗೆ ಏನು ಗೊತ್ತು ಅಂತ ಸಿಟ್ಟು ಬರುತ್ತಿದೆ. ಈಗ ಅವನ ‘ಹಾವು ಕಡಿತ’ದ ಕರಡಿಗೆ ನಾನು ಅಭಿಪ್ರಾಯ ಬರೆಯಬೇಕು. ಹೇಗೆ ಬರೆಯಲಿ? ಎರಡೂ ಕರಡುಗಳನ್ನು, ಅವನ ಟಿಪ್ಪಣಿಗಳನ್ನು ಲಗತ್ತಿಸಿದ್ದೇನೆ.

ಉತ್ತರ: ಹದಿನೇಳನ್ನೂ ಓದಿದೆ. ಆರನ್ನು ನೀವು ಧಾರಾಳವಾಗಿ ಬಿಟ್ಟುಬಿಡಬಹುದು. ‘ಆದರೆ’ ತೆಗೆದು ‘ಆದಾಗ್ಯೂ’ ಹಾಕು ಅನ್ನುವಂಥವು. (ನನ್ನನ್ನು ಕೇಳಿದರೆ ‘ಆದರೆ’ಯೇ ಚೆಂದ.) ಉಳಿದವುಗಳಲ್ಲಿ ನಾಲ್ಕೈದು ನಿಮ್ಮ ಲೇಖನದ ಮಾನ ಕಾಪಾಡಿವೆ.

ನಿಮಗೆ ಹೆಚ್ಚು ಉರಿ ಹತ್ತಿಸಿದ ಟಿಪ್ಪಣಿಯಿಂದಲೇ ಶುರು ಮಾಡೋಣ. ನೀವು ‘ಈ ರೋಗ ಉಣ್ಣೆಯಿಂದ ಹರಡುತ್ತದೆ’ ಎಂದು ಬರೆದಿದ್ದೀರಿ. ಅವನು ‘ಕಂಬಳಿಯಿಂದಲಾ?’ ಎಂದು ಕೇಳಿದ್ದಾನೆ. ಗೇಲಿ ಅಂದುಕೊಂಡಿರಿ ನೀವು. ಚಿತ್ರದುರ್ಗ, ಬಳ್ಳಾರಿ ಕಡೆಯವರೂ ನಿಮ್ಮ ಲೇಖನ ಓದುತ್ತಾರಲ್ಲ, ಅವರಿಗೆ ಉಣ್ಣೆ ಎಂದರೆ ಮೊದಲು ನೆನಪಾಗುವುದು ಕುರಿಯ ತುಪ್ಪಟ. ‘ದನದ ಮೈಗೆ ಕಚ್ಚಿಕೊಳ್ಳುವ ಉಣುಗು, ಕೆಲವೆಡೆ ಉಣ್ಣೆ ಎನ್ನುತ್ತಾರೆ’ ಎಂದು ಒಂದು ಸಲ ಬರೆದರೆ ಮುಗಿಯಿತು. ಕೊಟ್ಟಿಗೆ ನೋಡದ ಹುಡುಗನಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು. ನಿಮ್ಮ ಊರಿನವರ ಕೈಗೇ ಕರಡು ಕೊಟ್ಟಿದ್ದರೆ ಹಾಗೇ ದಾಟಿ ಹೋಗುತ್ತಿತ್ತು.

ಹೆಸರಿನದೂ ಇದೇ ಕತೆ. ಎರಡು ಕಡೆ ನೀವು ‘ಮಂಗನ ಬಾವು’ ಎಂದಿದ್ದೀರಿ. ಅನೇಕ ಕಡೆ ಮಂಗನ ಬಾವು ಎಂದರೆ ಕೆನ್ನೆ, ದವಡೆ ಊದುವ ಮಂಪ್ಸ್. ಮಂಕಿಪಾಕ್ಸ್‌ಗೆ ಪತ್ರಿಕೆಗಳು ‘ಮಂಗನ ಸಿಡುಬು’ ಎಂದು ಬರೆದವು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅದರ ಹೆಸರನ್ನು ಎಂಪಾಕ್ಸ್ ಎಂದು ಬದಲಿಸಿದರೂ ಕನ್ನಡದ ಬಾಯಲ್ಲಿ ಮಂಗ ಉಳಿದುಕೊಂಡಿದೆ. ಒಂದೇ ಮಂಗಕ್ಕೆ ಮೂರು ರೋಗ! ನಿಮ್ಮ ಲೇಖನದ ಮೊದಲ ಸಾಲಿನಲ್ಲೇ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂಬ ಹೆಸರೂ, 1957ರಲ್ಲಿ ಸೊರಬ ತಾಲ್ಲೂಕಿನ ಆ ಕಾಡಿನಲ್ಲಿ ಇದನ್ನು ಮೊದಲು ಗುರುತಿಸಿದರು ಎಂಬುದೂ ಬರಲಿ.

ಅವನ ಹದಿನೇಳರಲ್ಲಿ ನಾನು ಹೆಚ್ಚು ಮೆಚ್ಚಿದ್ದು ಒಂಬತ್ತನೆಯದು. ‘ಮಂಗಗಳಿಂದ ಮನುಷ್ಯರಿಗೆ ಹರಡುತ್ತದೆ’ ಎಂಬ ನಿಮ್ಮ ಸಾಲಿನ ಪಕ್ಕ ಅವನು ಬರೆದದ್ದು ಇಷ್ಟೇ: ‘ಇದನ್ನು ಓದಿದವರು ಏನು ಮಾಡುತ್ತಾರೆ?’ ಕೋವಿ ತೆಗೆದು ಮಂಗ ಹೊಡೆಯಲು ಹೊರಡುತ್ತಾರೆ, ಇನ್ನೇನು. ಮಂಗ ಕಚ್ಚಿದ್ದರಿಂದ ಬರುವ ರೋಗ ಇದಲ್ಲ. ವೈರಸ್ ಇರುವ ಉಣುಗು, ಅದರಲ್ಲೂ ಸುಲಭವಾಗಿ ಕಣ್ಣಿಗೆ ಬೀಳದಷ್ಟು ಸಣ್ಣ ಮರಿ ಉಣುಗು, ಕಚ್ಚಿದಾಗ ಬರುತ್ತದೆ. ಮಂಗಗಳೂ ಮುಸಿಯಗಳೂ (ಕಪ್ಪು ಮುಖದ ಕೋತಿಗಳು) ಇದೇ ರೋಗಕ್ಕೆ ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉಣುಗುಗಳು ಉದುರಿ ಆ ಜಾಗವೇ ಅಪಾಯದ್ದಾಗುತ್ತದೆ. ಹಾಗಾಗಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಇಷ್ಟೂ ನಿಮಗೆ ಗೊತ್ತಿದ್ದದ್ದೇ, ಕರಡಿನಲ್ಲಿ ಮಾತ್ರ ಇರಲಿಲ್ಲ.

‘ಸಾವಿನ ಪ್ರಮಾಣ 3ರಿಂದ 5’ ಎಂಬಲ್ಲಿ ಅವನು ‘ಯಾರಲ್ಲಿ?’ ಎಂದಿದ್ದಾನೆ. ನ್ಯಾಯವಾದ ಪ್ರಶ್ನೆ. ರೋಗ ಪತ್ತೆಯಾದ 100 ಜನರಲ್ಲಿ ಎಂದು ಬರೆಯಿರಿ; ಉಣುಗು ಕಚ್ಚಿದವರಲ್ಲಿ ಎಂದು ಯಾರಾದರೂ ಓದಿಕೊಂಡರೆ ಊರೇ ನಿದ್ದೆ ಬಿಡುತ್ತದೆ. ‘ಲಸಿಕೆ ಲಭ್ಯವಿದೆ’ ಎಂಬುದನ್ನು ತೆಗೆಯಲೇಬೇಕು. ಫಾರ್ಮಲಿನ್ ರಾಸಾಯನಿಕದಿಂದ ವೈರಸ್ ಕೊಂದು ತಯಾರಿಸುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದೆ ನಿಂತುಹೋಗಿದೆ.

ಇನ್ನು ನಿಮ್ಮ ಅಸಲಿ ತಕರಾರು. ‘ದರಗು ತರಲು ಸೊಪ್ಪಿನ ಬೆಟ್ಟಕ್ಕೆ ಹೋದವರಿಗೇ ಹೆಚ್ಚಾಗಿ ಬರುತ್ತದೆ’ ಎಂಬ ಸಾಲಿಗೆ ಅವನು ‘ಆಧಾರ?’ ಎಂದು ಹಾಕಿದ. (ದರಗು ಎಂದರೆ ಕಾಡಿನ ಒಣ ಎಲೆ.) ಕಣ್ಣಾರೆ ಕಂಡದ್ದಕ್ಕೆ ಆಧಾರ ಕೇಳಿದರೆ ಯಾರಿಗಾದರೂ ನೋವಾಗುತ್ತದೆ. ಆದರೆ ವಿಶ್ವಕೋಶದಲ್ಲಿ ನಿಮ್ಮ ಕಣ್ಣಿಗೆ ಸಾಕ್ಷಿಯ ಸ್ಥಾನ ಇಲ್ಲ, ನನ್ನ ಮೂವತ್ತು ವರ್ಷದ ವೈದ್ಯಕೀಯಕ್ಕೂ ಇಲ್ಲ. ಕಂಡದ್ದರಿಂದ ಆಗುವ ಲಾಭ ಬೇರೆ: ಏನನ್ನು ಹುಡುಕಬೇಕು ಎಂಬುದು ನಿಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಒಣ ಎಲೆ, ಸೌದೆಗೆ ಕಾಡಿಗೆ ಹೋಗುವವರಿಗೆ ಅಪಾಯ ಹೆಚ್ಚು ಎಂಬುದು ಆರೋಗ್ಯ ಇಲಾಖೆಯ ಸೂಚನೆಗಳಲ್ಲೂ ವಿಮರ್ಶಾ ಲೇಖನಗಳಲ್ಲೂ ಸಿಗುತ್ತದೆ. ಅದನ್ನು ಹಾಕಿ, ‘ದರಗು’ ಎಂಬ ಪದವನ್ನು ಮಾತ್ರ ಬಿಡಬೇಡಿ.

ಅವನಿಗೆ ಫೋನ್ ಮಾಡಿ ಒಂದೊಂದನ್ನೂ ವಿವರಿಸಲು ಹೋಗಬೇಡಿ. ವಿವರಿಸಬೇಕೆನಿಸಿದ್ದು ಕರಡಿಗೇ ಹೋಗಲಿ. ನಾನೊಮ್ಮೆ ಜ್ವರದ ಬಗ್ಗೆ ಕರಪತ್ರ ಬರೆದು ‘ದ್ರವಾಹಾರ ನೀಡಿ’ ಎಂದಿದ್ದೆ. ಓದಿದ ಆಶಾ ಕಾರ್ಯಕರ್ತೆ ‘ಗಂಜಿ ಅಂತ ಬರೀರಿ ಮೇಡಂ’ ಎಂದರು. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಅಚ್ಚಾದದ್ದು ಗಂಜಿಯೇ.

ಈಗ ಅವನ ಕರಡು. ಸೇಡು ತೀರಿಸಿಕೊಳ್ಳಲು ಒಳ್ಳೇ ಅವಕಾಶ, ಯಾಕೆಂದರೆ ಮಲೆನಾಡಿನ ಹಾವು ಅವನಿಗೆ ಗೊತ್ತಿಲ್ಲ. ಹಾವಿನ ವಿಷಕ್ಕೆ ಕೊಡುವ ಮದ್ದಿನ ಬಗ್ಗೆ ‘ಆ್ಯಂಟಿವೆನಮ್ ಎಲ್ಲ ವಿಷದ ಹಾವುಗಳಿಗೂ ಕೆಲಸ ಮಾಡುತ್ತದೆ’ ಎಂದಿದ್ದಾನೆ. ‘ತಪ್ಪು’ ಎಂದಷ್ಟೇ ಗೀಚಬೇಡಿ. ನಾನಾದರೆ ಹೀಗೆ ಬರೆಯುತ್ತೇನೆ:

‘ಎರಡನೇ ಪ್ಯಾರಾ, ನಾಲ್ಕನೇ ಸಾಲು. ನಮ್ಮಲ್ಲಿ ಸಿಗುವ ಆ್ಯಂಟಿವೆನಮ್ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಆಗುಂಬೆಯ ಕಾಳಿಂಗ ಸರ್ಪವಾಗಲಿ ಅಡಿಕೆ, ಕಾಫಿ ತೋಟದ ಗುಳಿಮಂಡಲಗಳಾಗಲಿ ಇದರಲ್ಲಿಲ್ಲ. ಸಾಲು ತಿದ್ದಬೇಕು. ಹಾಗಂತ ಆಸ್ಪತ್ರೆಗೆ ಹೋಗಿ ಪ್ರಯೋಜನವಿಲ್ಲ ಅಂತ ಓದುಗರು ತಿಳಿಯಬಾರದು. ಯಾವ ಹಾವು ಕಚ್ಚಿದರೂ ತಕ್ಷಣ ಆಸ್ಪತ್ರೆಗೆ ಎಂಬುದು ಪಕ್ಕದಲ್ಲೇ ಇರಲಿ.’

ಯಾವ ಸಾಲು, ಏನು ತೊಡಕು, ತಿದ್ದಿದರೆ ಇನ್ನೇನು ಎಡವಟ್ಟಾದೀತು, ಮೂರೂ ಬಂದವು ನೋಡಿ. ಆ್ಯಂಟಿವೆನಮ್ ಎಷ್ಟು ವಯಲ್ (ಔಷಧದ ಸಣ್ಣ ಸೀಸೆ) ಕೊಡಬೇಕು ಎಂದು ಅವನು ಬರೆದದ್ದನ್ನು ತೆಗೆಯಲು ಹೇಳಿ. ಡೋಸ್ ಹೇಳುವುದು ವಿಶ್ವಕೋಶದ ಕೆಲಸವಲ್ಲ. ಕಾಗುಣಿತ ನೀವೇ ತಿದ್ದಿಬಿಡಿ, ಅದಕ್ಕೆಲ್ಲ ಟಿಪ್ಪಣಿ ಬೇಡ. ಗಾಯದ ಮೇಲೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು ಎಂಬುದನ್ನು ಅವನು ಕಾರಣ ಸಮೇತ ಚೆನ್ನಾಗಿ ಬರೆದಿದ್ದಾನೆ. ಆ ಪ್ಯಾರಾ ಮುಟ್ಟಬೇಡ ಅಂತಲೂ ಬರೆಯಿರಿ, ಇಲ್ಲದಿದ್ದರೆ ತಿದ್ದುವ ಭರದಲ್ಲಿ ಅದನ್ನೇ ಕೆಡಿಸಿಯಾನು.

‘ಸೂಪರ್ ಕಣೇ’ ಎಂದ ಗೆಳತಿಗೂ ಒಂದು ಕೆಲಸ ಕೊಡಿ. ತಿದ್ದಿದ ಕರಡು ಓದಿಸಿ, ಲ್ಯಾಪ್‌ಟಾಪ್ ಮುಚ್ಚಿ, ‘ಮಂಗನ ಕಾಯಿಲೆ ಹೇಗೆ ಬರತ್ತೆ, ಹೇಳು’ ಅನ್ನಿ. ‘ಮಂಗ ಕಚ್ಚಿ’ ಅಂದಳೋ, ಮೊದಲ ಪ್ಯಾರಾ ಇನ್ನೊಮ್ಮೆ ಬರೆಯಿರಿ.